ಕಬ್ಬಿನ ಟ್ರ್ಯಾಕ್ಟರು ನಿಂತಾಗ ದಾಟಿದ ಬೆಳಕು

2022ರ ಕಬ್ಬು ಅರೆಯುವ ಕಾಲ. ಮದ್ದೂರಿನ ಹತ್ತಿರದ ಪದವಿ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಅಧ್ಯಾಪಕನಾಗಿದ್ದೆ. ನಾನು ಓದಿದ್ದು ತಡವಾಗಿ. ಮಳವಳ್ಳಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಲೇ ಎಸ್ಸೆಸ್ಸೆಲ್ಸಿ ಕಟ್ಟಿದವನು. ಎಂಎಸ್ಸಿ ಮುಗಿಸುವಾಗ ತಲೆ ನರೆತಿತ್ತು.

ವಿಭಾಗದ ಮುಖ್ಯಸ್ಥೆ ಶಾರದಾ ಮೇಡಂ ಜೊತೆ ಒಂದು ಪ್ರಯೋಗಕ್ಕೆ ಕೈ ಹಾಕಿದ್ದೆ. ಗಾಜಿನ ಕೊಳವೆಯಲ್ಲಿ ಅಸಿಟಿಲೀನ್, ವೆಲ್ಡಿಂಗ್ ಅಂಗಡಿಯಲ್ಲಿರುವ ಅದೇ ಗ್ಯಾಸ್. ಅದರ ಅಣುಗಳು ಒಂದು ಬಗೆಯ ಲೇಸರ್ ಬೆಳಕನ್ನು ನುಂಗಿಬಿಡುತ್ತವೆ. ತಕ್ಕ ಇನ್ನೊಂದು ಲೇಸರನ್ನು ಜೊತೆಗೆ ಹಾಯಿಸಿದರೆ, ಬೆಳಕು ನುಂಗುವ ಎರಡು ಕ್ವಾಂಟಮ್ ದಾರಿಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಆಗ ಗ್ಯಾಸ್ ಇದ್ದಲ್ಲೇ ಇದ್ದರೂ ಬೆಳಕು ದಾಟುತ್ತದೆ. ಬೆಳಕು ನುಂಗಿಹೋದಲ್ಲಿ ಪರದೆಯ ಮೇಲಿನ ಗೆರೆ ಹಳ್ಳದಂತೆ ಇಳಿದಿರುತ್ತದೆ. ಅದರ ನಡುವೆ ಸಣ್ಣ ಮೊನೆಯೊಂದು ಎದ್ದರೆ ಅದೇ ಪಾರದರ್ಶಕತೆ. ಅಣುಗಳಲ್ಲಿ ಆ ಮೊನೆ ಬಹಳ ಕ್ಷೀಣ. ಮೇಜು ಕೊಂಚ ಅಲುಗಿದರೂ ಇಲ್ಲ.

ನಮ್ಮ ಮೇಜೆಂದರೆ ಟ್ರ್ಯಾಕ್ಟರ್ ಟ್ಯೂಬುಗಳ ಮೇಲೆ ಕೂರಿಸಿದ ಕಲ್ಲುಚಪ್ಪಡಿ. ಲೇಸರ್ ಕೊಟ್ಟಿದ್ದ ಸಮಿತಿ ಪರಿಶೀಲನೆಗೆ ಬಂದ ಬೆಳಿಗ್ಗೆ, ಪಕ್ಕದ ರಸ್ತೆಯಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನ ಸಾಲು ತುಂಡಾಗಲೇ ಇಲ್ಲ. ಗೆರೆ ನಡುಗಿತು, ಮೊನೆ ಏಳಲಿಲ್ಲ.

"ಇದು ಈ ಊರಲ್ಲಿ ಆಗೋ ಕೆಲಸ ಅಲ್ಲ," ಎಂದರು ಸಮಿತಿಯ ಅಧ್ಯಕ್ಷರು. ಊಟ ಮುಗಿಸಿ ಬಂದ ಮೇಲೆ ಲೇಸರುಗಳನ್ನು ಬೆಂಗಳೂರಿಗೆ ಸಾಗಿಸಲು ಬರೆದುಕೊಡುವುದಾಗಿ ಹೇಳಿ ಊಟಕ್ಕೆ ಹೊರಟರು. ಶಾರದಾ ಮೇಡಂ ಮತ್ತೆ ಲೇಸರ್ ಹೊಂದಿಸತೊಡಗಿದರು. ನನಗೆ ಮೈ ಉರಿಯಿತು. ಸೀದಾ ರಸ್ತೆಗೆ ಇಳಿದೆ.

ಸಾಲಿನ ಮುಂದಿದ್ದವನು ಬೋರಣ್ಣ, ನನ್ನ ಹಳೆಯ ಜೊತೆಗಾರ. ವಿಷಯ ತಿಳಿಸಿ, ಅರ್ಧ ಗಂಟೆ ಗಾಡಿಗಳನ್ನು ಕಾಲೇಜಿಗಿಂತ ಹಿಂದೆಯೇ ನಿಲ್ಲಿಸುವಂತೆ ಕೇಳಿದೆ. ಬಿಸಿಲಿಗೆ ಕಬ್ಬು ಒಣಗಿ ತೂಕ ಇಳಿಯುತ್ತದೆ, ಕಾರ್ಖಾನೆಯ ಸರದಿಯೂ ತಪ್ಪಬಹುದು. ಅದು ನನಗೂ ಗೊತ್ತು.

"ಗ್ಯಾಸ್ ತಗದಾಕಿ ಬೆಳಕು ಬುಡ್ತೀರಾ?" ಎಂದ.

"ಇಲ್ಲ ಕಣಣ್ಣ. ಗ್ಯಾಸ್ ಅಲ್ಲೇ ಇರ್ತದೆ. ಬೆಳಕ ನುಂಗಾಕಾಗಾಕಿಲ್ಲ, ಅಷ್ಟೇಯ."

"ನಮ್ಮತ್ತೆ ಮುಂದೆ ನಮ್ಮಾವ ಇದ್ದಂಗೆ ಅನ್ನು. ಇರ್ತಾನೆ, ಉಸಿರೆತ್ತಾಕಿಲ್ಲ." ನಕ್ಕು ಎಂಜಿನ್ ಆರಿಸಿದ. "ಕಾವೇರಿಗೆ ಅಂತ ದಿನಗಟ್ಲೆ ರಸ್ತೇಲಿ ಕುಂತೋರು ಕಣ್ಲಾ ನಾವು. ಈ ಊರಲ್ಲಿ ಆಗಾಕಿಲ್ಲ ಅಂದ್ನಾ ಅವ್ನು? ಓಗು, ಆಗುಸ್ಕೊ ಓಗು."

ಹಿಂದಿನವರು ಬೈದರು, ಕಾರಣ ಕೇಳಿ ಮತ್ತೊಂದಷ್ಟು ಬೈದರು, ಆಮೇಲೆ ತಾವೂ ಎಂಜಿನ್ ಆರಿಸಿದರು. ಬಸ್ಸು, ಬೈಕುಗಳಿಗೆ ದಾರಿ ಬಿಟ್ಟು ಕಬ್ಬಿನ ಗಾಡಿಗಳೆಲ್ಲ ಹುಣಸೆಮರಗಳ ಕೆಳಗೆ ಸಾಲಾಗಿ ನಿಂತವು.

ಸಮಿತಿಯವರು ಮರಳಿದಾಗ ಶಾರದಾ ಮೇಡಂ ಎರಡನೆಯ ಲೇಸರನ್ನು ತೆರೆದರು. ಹಳ್ಳದ ತಳದಿಂದ ಮೊನೆ ಎದ್ದಿತು. ಲೇಸರ್ ಮುಚ್ಚಿದರು, ಮೊನೆ ಹೋಯಿತು. ತೆರೆದರು, ಮತ್ತೆ ಬಂತು. ಅಧ್ಯಕ್ಷರು ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಹೊರಗಿನ ಸದ್ದು ಏನಾಯಿತೆಂದು ಕೇಳಿದರು.

"ನಿಲ್ಸಿದ್ದೀವಿ ಸಾರ್," ಎಂದೆ.

"ದಿನಾ ನಿಲ್ಲಿಸೋಕಾಗುತ್ತಾ?"

"ಕಂಪನ ತಡೆಯೋ ಮೇಜು ಕೊಡಿ, ನಿಲ್ಲಿಸಲ್ಲ. ಲೇಸರ್ ಮಾತ್ರ ಇಲ್ಲಿಂದ ಕದಲಲ್ಲ."

ಲೇಸರು ಕದಲಲಿಲ್ಲ. ಮೇಜು ಬರಲು ಮುಂದಿನ ಹಂಗಾಮಿನವರೆಗೆ ಕಾಯಬೇಕಾಯಿತು. ಒಂದು ಊರಿನ ಯೋಗ್ಯತೆಯನ್ನು ಹೊರಗಿನವರು ಬರೆಯುವ ಮುಂಚೆ ಊರಿನವರನ್ನೇ ಹೋಗಿ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು.

ಆ ಮಧ್ಯಾಹ್ನ ಸುದ್ದಿ ಹೇಳಲು ನಾನು ರಸ್ತೆಗೆ ಓಡಿ ಹೋದಾಗ ಬೋರಣ್ಣ ಕಬ್ಬಿನ ಹೊರೆಯ ನೆರಳಲ್ಲಿ ಕೂತಿದ್ದ. "ದಾಟ್ತೇನ್ಲಾ?" ಎಂದು ಕೇಳಿದ.

"ದಾಟ್ತು ಕಣಣ್ಣ."

"ಅಂಗಾದ್ರೆ ನಾವೂ ದಾಟ್ತೀವಿ, ಜಾಗ ಬುಡು," ಎಂದು ಟ್ರ್ಯಾಕ್ಟರ್ ಏರಿದ.