ಅಣ್ಣನ ಹೆಸರು, ನನ್ನ ಕಫ

ಈ ಮಳೆಗಾಲದಲ್ಲಿ ಮೂರು ಸಲ ನನ್ನ ಕಫ ನನ್ನ ಅಣ್ಣನ ಹೆಸರಿನಲ್ಲಿ ಲ್ಯಾಬೊರೇಟರಿಗೆ ಹೋಯಿತು. ಮೂರು ಸಲವೂ ಪಾಸಾಗಿ ಬಂತು.

ಮೂಗು ಮುರಿಯಬೇಡಿ. (ಮುರಿದರೂ ಪರವಾಗಿಲ್ಲ, ಮುಂದೆ ಓದಿ.) ವಾರವಾರ ಈ ಜಾಗದಲ್ಲಿ ನಿಮಗೆ ಬುದ್ಧಿ ಹೇಳುವವಳು ನಾನು. ಪುಣೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆರೋಗ್ಯಶಾಸ್ತ್ರ ಕಲಿಸುವವಳೂ ನಾನೇ. ‘ಕಂಡಲ್ಲಿ ಉಗುಳಬಾರದು’ ಎಂದು ಮಕ್ಕಳಿಂದ ನೂರು ಸಲ ಬರೆಸಿದ್ದೇನೆ. ನಾನು ಎಲ್ಲಿ ಉಗುಳಿದೆ ಎಂಬುದನ್ನು ಇವತ್ತು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ.

ಅಣ್ಣ ನಿಮಗೆ ಗೊತ್ತು. ಸಕ್ಕರೆ ರೇಶನ್ ಆದ ಮೇಲೂ ಚಹಕ್ಕೆ ಮೂರು ಚಮಚೆ ಕೇಳುವ ಮನುಷ್ಯ ಎಂದು ಹಿಂದೊಮ್ಮೆ ಬರೆದಿದ್ದೆ. ಧಾರವಾಡ ಬಿಟ್ಟು ಬಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಸೈಕಲ್ ಬಿಟ್ಟು ಇಳಿಯದವ. ಸದಾಶಿವ ಪೇಟೆಯ ವಾಡೆಯಲ್ಲಿ ಅಣ್ಣ, ಅವನ ಹೆಂಡತಿ ಅಂದರೆ ನಮ್ಮ ವೈನಿ, ಅವರ ಮಗಳು ಸುಮಿ, ಜೊತೆಗೆ ನಾನು. ನಾಲ್ಕು ಜನಕ್ಕೆ ಎರಡೂವರೆ ಖೋಲಿ.

ಚೈತ್ರದ ಒಂದು ಮುಂಜಾನೆ ಹಲ್ಲುಜ್ಜುವಾಗ ಅಣ್ಣ ಕೆಮ್ಮಿದ. ಬಚ್ಚಲ ಕಲ್ಲಿನ ಮೇಲೆ ಕೆಂಪು ಬಿತ್ತು. ವೈನಿ ನೋಡಿದರು, ನಾನೂ ನೋಡಿದೆ. ಒಂದು ತಂಬಿಗೆ ನೀರು ಸುರಿದು ತೊಳೆದೆವು. ಕೆಮ್ಮಿನಲ್ಲಿ ರಕ್ತ ಬಂದರೆ ಕ್ಷಯ. ಅಷ್ಟು ನಮ್ಮ ಓಣಿಯ ಎಮ್ಮೆಗೂ ಗೊತ್ತು.

ಮರುದಿನದಿಂದ ಅಣ್ಣನ ತಾಟು ಬೇರೆ, ಲೋಟ ಬೇರೆ. ಗುರುತಿಗೆಂದು ವೈನಿ ಲೋಟದ ಬುಡದಲ್ಲಿ ಮೊಳೆಯಿಂದ ಗೀರು ಎಳೆದರು. ಅಪ್ಪನ ಹಾಸಿಗೆ ಮುಟ್ಟಬಾರದೆಂದು ಸುಮಿಗೆ ಕಟ್ಟಪ್ಪಣೆ ಆಯಿತು. ಕಾಡ್‌ಲಿವರ್ ಎಣ್ಣೆ ಬಂತು. ಮಡಿ ಮನೆಯೊಳಗೆ ತತ್ತಿಯೂ ಬಂತು, ಔಷಧ ಎಂಬ ಹೆಸರಿನಲ್ಲಿ. ಅಣ್ಣ ಏನೂ ಕೇಳದೆ ಎಲ್ಲ ನುಂಗಿದ.

ಎರಡು ತಿಂಗಳು ಕಳೆದವು. ಜ್ವರವಿಲ್ಲ, ತೂಕ ಇಳಿಯಲಿಲ್ಲ, ಸೈಕಲ್ ನಿಲ್ಲಲಿಲ್ಲ. ರಕ್ತ ಮಾತ್ರ ಆಗಾಗ ಬರುತ್ತಿತ್ತು. ಉಸಿರಾಡಿದರೆ ಎದೆಯ ಬಲಗಡೆ ಸಣ್ಣಗೆ ಸಿಳ್ಳು ಕೇಳುತ್ತಿತ್ತು. ಎಡಗಡೆ ಏನೂ ಇಲ್ಲ. ಕ್ಷಯಕ್ಕೆ ಇಷ್ಟು ಶಿಸ್ತು ಎಲ್ಲಿಂದ ಬಂತು ಎಂದು ನಾನಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಕೊನೆಗೆ ಶುಕ್ರವಾರ ಪೇಟೆಯ ಡಾಕ್ಟರ ಹತ್ತಿರ ಹೋದೆವು. ಯುದ್ಧದಲ್ಲಿ ದಂಡಿನ ಜೊತೆ ತಿರುಗಿ ಬಂದ ಮರಾಠಿ ತರುಣ. ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಎಕ್ಸ್‌ರೇ ತೆಗೆಸಿದರು. ಬಲಗಡೆ ಒಂದು ನೆರಳಿತ್ತು. ಕ್ಷಯವೂ ಇರಬಹುದು, ಬೇರೆ ಏನಾದರೂ ಇರಬಹುದು ಎಂದು ಹೇಳಿ ಒಂದು ಸಣ್ಣ ಬಾಟಲಿ ಕೊಟ್ಟರು. ಮುಂಜಾನೆ ಎದ್ದ ಕೂಡಲೇ ಬಂದ ಕಫ ಅದರಲ್ಲಿ ಹಾಕಿ ಲ್ಯಾಬಿಗೆ ಮುಟ್ಟಿಸಬೇಕು. ಲ್ಯಾಬು ನನ್ನ ಶಾಲೆಯ ದಾರಿಯಲ್ಲೇ ಇದೆ. ಕೆಲಸ ನನಗೇ ಬಂತು.

ಮರುದಿನ ಮುಂಜಾನೆ ಅಣ್ಣ ತುಂಬಿಕೊಟ್ಟ ಬಾಟಲಿ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾಗ ವೈನಿ ಅಡುಗೆಮನೆಯಿಂದ ಕರೆದರು.

“ಅಂಬೂ, ಆ ಲ್ಯಾಬಿನ ಕಂಪೌಂಡರು ನಮ್ಮ ಧಾರವಾಡದಾವ್ರು.”

“ಹೌದ್ರಿ ವೈನಿ. ಅದಕ್ಕೇನು?”

“ಅವರು ಇಸ್ಪೀಟ್ ಆಡೂದು ಯಾರ ಕೂಡ, ಗೊತ್ತದ ಇಲ್ಲೊ? ಸುಮಿ ಮಾವ ಆಗಾವ್ರ ಸಡ್ಡಕನ ಕೂಡ.”

ಗೊತ್ತಿತ್ತು. ಪುಣೆ ಎಷ್ಟೇ ದೊಡ್ಡ ಊರಾಗಿರಲಿ, ಕನ್ನಡದವರ ಪುಣೆ ಒಂದೇ ಓಣಿ. ಸ್ವಾರಗೇಟಿನಲ್ಲಿ ಸೀನಿದರೆ ಯೆರವಡಾದಲ್ಲಿ “ನೆಗಡಿ ಏನ್ರಿ?” ಎಂದು ಕೇಳುತ್ತಾರೆ. ಸುಮಿಗೆ ಬೆಳಗಾವಿಯ ಸಂಬಂಧ ನಿಶ್ಚಯವಾಗಿತ್ತು, ತುಳಸಿ ಲಗ್ನವಾದ ಮೇಲೆ ಮದುವೆ. ಕ್ಷಯದ ಮನೆಯ ಹೆಣ್ಣನ್ನು ಯಾರು ತಂದುಕೊಳ್ಳುತ್ತಾರೆ?

“ಲಗ್ನ ಒಂದು ಆಗಿಹೋಗ್ಲಿ,” ಎಂದರು ವೈನಿ. “ಔಷಧ ಅಂತೂ ನಡದದ. ನಿಂದ ಹಾಕು ಅಂಬೂ, ನಿನಗೇನೂ ಇಲ್ಲ.”

ಒಲ್ಲೆ ಎನ್ನಬೇಕಿತ್ತು. ಸುಮಿಯನ್ನು ಎತ್ತಿ ಆಡಿಸಿದವಳು ನಾನು, ಬಾಯಿ ಬರಲಿಲ್ಲ. ಅಣ್ಣನದನ್ನು ಮೋರಿಗೆ ಸುರಿದು, ಬಾಟಲಿಯನ್ನು ಕುದಿಯುವ ನೀರಲ್ಲಿ ತೊಳೆದೆ. ಆಮೇಲೆ ಕೆಮ್ಮಲು ನಿಂತೆ. ಗಟ್ಟಿಮುಟ್ಟಾದವರಿಗೆ ಬೇಕೆಂದಾಗ ಕೆಮ್ಮು ಬರುವುದಿಲ್ಲ, ನಿಮಗೆ ಗೊತ್ತೇ? ವೈನಿ ಒಲೆಗೆ ಎರಡು ಒಣಮೆಣಸಿನಕಾಯಿ ಹಾಕಿದರು. ಆ ಘಾಟಿಗೆ ಬಂತು. ಕಣ್ಣೊರೆಸಿಕೊಂಡು ಬಾಟಲಿ ತೆಗೆದುಕೊಂಡು ಶಾಲೆಗೆ ಹೊರಟೆ.

‘ಕ್ಷಯದ ಜಂತು ಇಲ್ಲ’ ಎಂದು ರಿಪೋರ್ಟು ಬಂತು. ಡಾಕ್ಟರು ಹುಬ್ಬು ಗಂಟು ಹಾಕಿ ಇನ್ನೊಂದು ಬಾಟಲಿ ಕೊಟ್ಟರು. ಆಮೇಲೆ ಮತ್ತೊಂದು. ನಮ್ಮ ಮೆಣಸಿನಕಾಯಿ ಮತ್ತೆರಡು ಸಲ ಒಲೆಗೆ ಬಿತ್ತು.

ಮೂರನೆಯ ರಿಪೋರ್ಟು ಬಂದ ದಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದನ್ನು ಕನ್ನಡಕ್ಕೆ ತಂದಿದ್ದೇನೆ. “ಬಾಯಿಯವರೇ, ಇದು ಶ್ವಾಸನಾಳದೊಳಗಿನ ಗಂಟು ಇರಬೇಕು. ಭಾರಿ ಅಪರೂಪ. ನಾನು ಪುಸ್ತಕದಲ್ಲಿ ಓದಿದ್ದೇನೆ, ಕಣ್ಣಾರೆ ಕಂಡಿಲ್ಲ. ಇಂಥದ್ದನ್ನು ನೇರ ಗುರುತಿಸಲು ಆಗುವುದಿಲ್ಲ. ಇದು ಅದಲ್ಲ, ಇದು ಇದಲ್ಲ ಎಂದು ಒಂದೊಂದನ್ನೇ ಬದಿಗಿಡುತ್ತ ಹೋಗಬೇಕು. ಕ್ಷಯವನ್ನು ಬದಿಗಿಟ್ಟಾಯಿತು. ಮುಂಬಯಿಗೆ ಪತ್ರ ಬರೆಯುತ್ತಿದ್ದೇನೆ.”

ಮುಂಬಯಿಯಲ್ಲಿ ಗಂಟಲೊಳಗೆ ದೀಪದ ಕೊಳವೆ ಇಳಿಸುತ್ತಾರಂತೆ. ಗಂಟಿನ ಚೂರು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಗಂಟು ಹೌದೆಂದಾದರೆ ಎದೆ ತೆರೆದು ಆಪರೇಶನ್.

“ಒಂದು ವೇಳೆ ಕ್ಷಯವೇ ಇದ್ದರೆ?” ಎಂದು ಕೇಳಿದೆ.

“ಕ್ಷಯದವನ ಎದೆ ಹಾಗೆ ತೆರೆದರೆ ನಾವೇ ಕೊಂದಂತೆ. ಅದಕ್ಕೇ ಅಲ್ಲವೇ ಮೂರು ಸಲ ನೋಡಿಸಿದ್ದು?”

ಮನೆಗೆ ಬಂದು ವೈನಿಗೆ ಸುದ್ದಿ ಹೇಳಿದೆ. ಅವರ ಮುಖ ಅರಳಿತು. “ನಾ ಹೇಳಿದ್ದಿಲ್ಲೇನು, ದೇವರು ಅದಾನ. ಕ್ಷಯ ಅಲ್ಲಂತ, ಮೂರು ಸಲ ಕ್ಲಿಯರ್ ಬಂದದ,” ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಲು ಹೊರಟರು. ನಾವೇ ಹೇಳಿದ ಸುಳ್ಳನ್ನು ಅವರು ನಂಬಿಬಿಟ್ಟಿದ್ದರು.

“ವೈನಿ,” ಎಂದೆ, “ಅದು ನನ್ನ ಕಫ ರೀ.”

ವೈನಿ ಬತ್ತಿಯನ್ನು ತುಪ್ಪದಿಂದ ತೆಗೆದು ಬದಿಗಿಟ್ಟರು.

ಎರಡು ದಿನ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಶ್ವಾಸಕೋಶದ ಚಿತ್ರ ಬರೆದೆ, ಒರೆಸಿದೆ, ಮತ್ತೆ ಬರೆದೆ. ಹೇಳಿದರೆ ಸುಮಿಯ ಮದುವೆ ಮುರಿಯುತ್ತದೆ. ಹೇಳದಿದ್ದರೆ ಅಣ್ಣನನ್ನು ಟೇಬಲ್ ಮೇಲೆ ಮಲಗಿಸುತ್ತಾರೆ. ಮೂರನೆಯ ದಿನ ಶಾಲೆಗೆ ಚೀಟಿ ಕಳಿಸಿ ಡಾಕ್ಟರ ಬಾಗಿಲಲ್ಲಿ ನಿಂತೆ. ಎಲ್ಲ ಹೇಳಿದೆ. ಮೆಣಸಿನಕಾಯಿಯನ್ನೂ ಬಿಡಲಿಲ್ಲ.

ಅವರು ಮೂರೂ ರಿಪೋರ್ಟುಗಳನ್ನು ತೆಗೆದು ಮತ್ತೊಮ್ಮೆ ಓದಿದರು. ಆಮೇಲೆ, “ಅಂದರೆ ನಿಮಗೆ ಕ್ಷಯವಿಲ್ಲ. ಅಭಿನಂದನೆ,” ಎಂದರು. ಮುಂಬಯಿಗೆ ಬರೆದ ಪತ್ರವನ್ನು ನನ್ನೆದುರಿಗೇ ಹರಿದರು.

ಮತ್ತೆ ಮೊದಲಿನಿಂದ ಶುರು. ಈ ಸಲ ಅಣ್ಣ ಅವರೆದುರಿಗೇ ಕೆಮ್ಮಬೇಕು, ಅವರೇ ಬಾಟಲಿ ಮುಚ್ಚಿ ಬೇರೆ ಲ್ಯಾಬಿಗೆ ಕಳಿಸಬೇಕು. ಜ್ವರ ನಿಜವಾಗಿ ಇರಲಿಲ್ಲವೋ, ಅದನ್ನೂ ಮುಚ್ಚಿಟ್ಟಿರೋ? ತೂಕ ನೋಡಿದವರು ಯಾರು? ನಾವು ಕೊಟ್ಟ ಒಂದೊಂದು ಉತ್ತರವನ್ನೂ ಅವರು ಅಕ್ಕಿಯ ಕಲ್ಲು ಆರಿಸಿದಂತೆ ಆರಿಸಿದರು. ನನಗೆ ಕೋಪ ಬಂತು. ಯಾರ ಮೇಲೆ ಮಾಡಲಿ?

ಅಣ್ಣನಿಗೂ ಹೇಳಬೇಕಾಯಿತು. ಅವನು ಚಹದ ಲೋಟವನ್ನು ತಿರುವಿ ಬುಡ ನೋಡಿದ. “ಇದಕ್ಕ ಗೀರು ಹಾಕಿದ್ದು ನನಗ ಅವತ್ತ ಕಂಡಿತ್ತು, ಅಂಬೂ. ನಿಮಗ ಅಂಜಿಕಿ ಅಂತ ಸುಮ್ಮನಿದ್ದೆ. ಆದರ ಬಾಟ್ಲಿ?” ಎಂದ. ನಾನು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ.

ಆರು ವಾರ ಹೋದವು. ಆ ಆರು ವಾರದಲ್ಲಿ ಎರಡು ಸಲ ರಕ್ತ ಬಂತು, ಎರಡನೆಯ ಸಲ ಬಟ್ಟಲು ತುಂಬ. ಅಣ್ಣನ ನಿಜವಾದ ಕಫವೂ ಮೂರು ಸಲ ಕ್ಲಿಯರ್ ಬಂತು. “ಎರಡೂ ಒಂದೇ ಬಂತಲ್ಲ, ಹಂಗಾರ ಏನು ಕೆಟ್ಟಿತು?” ಎಂದು ವೈನಿ ಮೆಲ್ಲಗೆ ಕೇಳಿದರು. ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕದಲ್ಲಿ ಹಿಡಿದು ತೋರಿಸಿದರು. ನೆರಳು ದೊಡ್ಡದಾಗಿತ್ತು.

ಮುಂಬಯಿಯ ಕೊಳವೆ ಇಳಿಯಿತು, ಚೂರು ಬಂತು, ಹೋದ ವಾರ ಉತ್ತರವೂ ಬಂತು. ಅದೇ ಅಪರೂಪದ ಗಂಟು. ಹೆಸರು ಮಾರುದ್ದ ಇದೆ, ಬರೆದರೆ ಅಚ್ಚುಕೂಟದ ಕಂಪೋಸಿಟರು ಬೈಯುತ್ತಾರೆ. ನಿಧಾನ ಬೆಳೆಯುವ ಜಾತಿಯಂತೆ, ಹೆಚ್ಚಾಗಿ ಬೇರೆ ಕಡೆ ಹರಡದೆ ಕುಳಿತಲ್ಲೇ ಇರುತ್ತದಂತೆ. ಆದರೆ ಆಪರೇಶನ್ ಬಿಟ್ಟರೆ ದಾರಿಯಿಲ್ಲ. ಬರುವ ತಿಂಗಳು. ಮೊದಲೇ ಬಂದಿದ್ದರೆ ಸುಲಭವಾಗುತ್ತಿತ್ತೇ ಎಂದು ಕೇಳಿದೆ. “ಗೊತ್ತಿಲ್ಲ ಬಾಯಿಯವರೇ,” ಎಂದರು ಡಾಕ್ಟರು. ಆ ‘ಗೊತ್ತಿಲ್ಲ’ ನನ್ನನ್ನು ಈ ವಾರವಿಡೀ ತಿಂದಿದೆ.

ಬೆಳಗಾವಿಯ ಬೀಗರಿಗೆ ವೈನಿಯೇ ಪತ್ರ ಬರೆಸಿದರು, ಏನನ್ನೂ ಮುಚ್ಚಿಡದೆ. ಮೊನ್ನೆ ಹುಡುಗನ ತಂದೆ ಬೆಳಗಾವಿಯಿಂದ ಬಂದರು. ಮದುವೆ ಮುರಿಯಲು ಬಂದಿದ್ದಾರೆಂದೇ ತಿಳಿದು ನಾವು ಚಹ ಕೊಟ್ಟೆವು. ರಿಪೋರ್ಟುಗಳನ್ನು ಮುಂದಿಟ್ಟೆವು. ಅವರು ಕನ್ನಡಕ ತೆಗೆದು ಬದಿಗಿಟ್ಟರು.

“ಲಗ್ನ ಎಲ್ಲೂ ಓಡಿಹೋಗೂದಿಲ್ರಿ, ಮೊದಲ ಇವರನ್ನ ಮುಂಬಯಿಗೆ ಕರಕೊಂಡು ಹೋಗ್ರಿ,” ಎಂದರು. ಲೋಟ ಕೆಳಗಿಟ್ಟು, “ನಮ್ಮ ತಮ್ಮಂದೂ ಕ್ಲಿಯರ್ ಬಂದಿತ್ರಿ. ನಮ್ಮ ತಂಗಿ ಲಗ್ನ ಇತ್ತು. ಬಾಟ್ಲಿ ತುಂಬಿದಾಂವ ನಾನು. ತಂಗಿ ಚೊಲೊ ಅದಾಳ. ತಮ್ಮ ಆ ವರ್ಷನ ಹೋದ,” ಎಂದರು.

ಬರೆಯಲೇ ಎಂದು ಕೇಳಿದೆ. “ಬರೀರಿ. ಹೆಸರು ಬ್ಯಾಡ,” ಎಂದರು.

ಹೆಸರು ಬರೆದಿಲ್ಲ. ನಿಮ್ಮನ್ನು ಒಂದೇ ಒಂದು ಕೇಳುತ್ತೇನೆ: ನಿಮ್ಮ ಮನೆಯಿಂದ ಹೋದ ಬಾಟಲಿಯಲ್ಲಿ ಇರುವುದು ಯಾರದು?