ಹುತ್ತದ ಮೇಲಿನ ಅಣಬೆ

ಮಳೆ ಹಿಡಿದ ಸಂಜೆ ಸೊಸೆ ಅಡುಗೆಮನೆಯಲ್ಲಿ ಅಣಬೆ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಎದ್ದು ಹೊರಗಿನ ಕಟ್ಟೆಗೆ ಬಂದು ಕೂತೆ. ಎರಡು ವರ್ಷ ಸಾಲೆ ಕಲಿತವಳು ನಾನು. ಬರೆಯಲು ಹೊರಟರೆ ಮಾತು ದಾರಿ ತಪ್ಪುತ್ತದೆ. ನೀವು ಸ್ವಲ್ಪ ಜೊತೆಗೆ ನಡೆಯಿರಿ.

ನಿಜಾಮರ ಆಳ್ವಿಕೆ ಮುಗಿಯಲಿದ್ದ ವರ್ಷದ ಮಳೆಗಾಲ. ನಿಜಾಮರ ಕಡೆಯ ಬಂದೂಕಿನವರು ಬರುತ್ತಾರೆಂದು ಮಟಕಿ ಹಳ್ಳಿಯ ಹತ್ತಿರದ ನಮ್ಮ ಊರು ಬರಿದಾಗಿ, ಹಳ್ಳದಾಚೆಯ ಅಡವಿ ಸೇರಿತ್ತು. ಅವ್ವ ಜ್ವರ ಬಂದು ಮರದ ಬುಡದಲ್ಲಿ ಮಲಗಿದ್ದಳು. ತಮ್ಮ ಮಲ್ಲು, ಒಂಬತ್ತರ ಪೋರ, ಹಸಿವು ಮರೆಯಲೆಂದು ನನ್ನನ್ನು ಮಳೆಯಲ್ಲೇ ಎಳೆದುಕೊಂಡು ತಿರುಗುತ್ತಿದ್ದ. ನೆಲದ ತುಂಬ ಕೆಂಪು ಮಖಮಲ್ಲಿನಂಥ ಮಿರಗದ ಹುಳಗಳು. ಉರುಳಿಬಿದ್ದ ಮುತ್ತಲ ಗಿಡಕ್ಕೆ ಕಿವಿಯಂಥ ಅಣಬೆ. ಅದಕ್ಕೆ ನಮ್ಮ ಮಾತೆಲ್ಲ ಕೇಳಿಸುತ್ತದೆಂದು ಅವನು ಪಿಸುಗುಟ್ಟುತ್ತಿದ್ದ.

“ಅಕ್ಕಾ, ಚಕ್ಕಲಿ ನೋಡಬೇ!” ಮುಟ್ಟಿದೊಡನೆ ಸುತ್ತಿಕೊಂಡ ನೂರು ಕಾಲಿನ ಹುಳ ಅದು.

“ತಿನ್ನಲೇ ಹಂಗಾದ್ರ,” ಎಂದೆ. ಇಬ್ಬರೂ ನಕ್ಕೆವು.

ಮುಂದೆ ಹುತ್ತದ ಮೇಲೆ ಅಣಬೆಗಳು ಬೆಳ್ಳಗೆ ಎದ್ದಿದ್ದವು. ಮಲ್ಲು ಅಂಗಿಯ ತುಂಬ ಕಿತ್ತುಕೊಂಡ.

“ಸುಟ್ಟು ತಿಂತಾರಬೇ ಇವನ್ನ. ದನ ಕಾಯವ್ರು ತಿಂದದ್ದು ನಾ ನೋಡೀನಿ.”

“ಲಿಂಗ ಕಟ್ಟಿದವ್ರು ತಿಂತಾರೇನಲೇ? ಖಂಡ ಇದ್ದಂಗ ಅದು.”

“ಕೊರಳಾಗಿನ ಲಿಂಗಪ್ಪಗ ನಾ ಹೇಳ್ತೀನಿ ತಗೋ. ಹಸಿವಿ ಆಗ್ಯಾದ ಅಕ್ಕಾ.”

ಪಕ್ಕದ ಮರದಡಿ ನೆರೆಯವರ ಕೆಂಡವೂ ಇತ್ತು. ಆದರೆ ಹದಿಮೂರು ವರ್ಷದ ದೊಡ್ಡ ಶರಣೆ ನಾನು! ಅವನ ಅಂಗಿ ಜಗ್ಗಿ ಎಲ್ಲವನ್ನೂ ಕೆಸರಿಗೆ ಚೆಲ್ಲಿ ತುಳಿದೆ. ಅವನು ಅಳಲಿಲ್ಲ.

“ಮನ್ಯಾಗ ನೆಲುವಿನ ಮ್ಯಾಲ ರೊಟ್ಟಿ ಅದಾವ. ಓಡಿ ಹೋಗಿ ತರ್ತೀನಿ.”

ಬೇಡ ಎನ್ನಬೇಕಿತ್ತು. “ನನಗೂ ಎರಡು ತಾ,” ಎಂದೆ.

ಅವನು ಮರಳಲಿಲ್ಲ. ಗಂಡಸರು ಹಳ್ಳದುದ್ದಕ್ಕೂ ಹುಡುಕಿದರು, ಹೆಣವೂ ಸಿಗಲಿಲ್ಲ. ಗದ್ದಲ ಅಡಗಿ ಊರಿಗೆ ಬಂದಾಗ ನೆಲುವಿನ ರೊಟ್ಟಿಗಳು ಬೂಷ್ಟು ಹಿಡಿದು ಹಾಗೆಯೇ ಇದ್ದವು. ಅವನು ಮನೆಯನ್ನೂ ಮುಟ್ಟಿರಲಿಲ್ಲ.

ಅವನು ಹೋದ ದಿನ ಅಡವಿಯಲ್ಲಿ ಅವ್ವ ಕಣ್ಣು ತೆರೆದು “ಮಲ್ಲು ಎಲ್ಲಿ ಹೋದ್ನಬೇ?” ಎಂದಾಗ, “ನನಗ ಹೇಳದಂಗ ಹೋಗ್ಯಾನ,” ಎಂದುಬಿಟ್ಟಿದ್ದೆ. ಬದುಕಿದ್ದಷ್ಟು ಕಾಲ ಅವ್ವ ಅವನನ್ನು ಮಾತು ಕೇಳದ ಪೋರನೆಂದು ಬೈದು ಬೈದು ಅತ್ತಳು. ನಾನು ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದೆ.

ಸೊಸೆ ಬಾಗಿಲಿಗೆ ಬಂದು, “ಅಣಬಿ ವಾಸನಿ ಆಗಲ್ಲೇನ್ರಿ ಅತ್ತಿ?” ಎಂದಳು.

“ಹೂಂನವ್ವಾ, ಮದಲಿಂದ ಆಗಲ್ಲ,” ಎಂದೆ.

ಮಲ್ಲು ಎಂಬವನೊಬ್ಬನಿದ್ದ ಎಂದು ಬಲ್ಲವರು ಇನ್ನು ಯಾರೂ ಉಳಿದಿಲ್ಲ, ಅವನ ಮೇಲೆ ಸುಳ್ಳು ಹೊರಿಸಿದ ನನ್ನ ಹೊರತು.