ಒತ್ತಕ್ಷರ ತಪ್ಪಿದ ಬೋರ್ಡು

ಮುಗದ ಎಂಬ ಹಳ್ಳಿಯಲ್ಲಿ ನನ್ನ ಅಕ್ಕ ಮಾವಿನ ಸಸಿಗಳ ನರ್ಸರಿ ನಡೆಸುತ್ತಾಳೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನೂ ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುವ ನನ್ನ ಗೆಳತಿಯೂ ಸೇರಿ ಅವಳಿಗಾಗಿ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದು ಕಂಪ್ಯೂಟರ್ ಬೋರ್ಡು ಮಾಡಿದೆವು. ಅದರ ಎರಡು ಕಡ್ಡಿಗಳನ್ನು ಮಣ್ಣಿಗೆ ಊರಿದರೆ, ಮಣ್ಣು ಒಣಗಿದಾಗ ಕೆಂಪು ದೀಪ, ಹಸಿಯಿದ್ದಾಗ ಹಸಿರು. ದೀಪಗಳ ಪಕ್ಕ 'ಒಣ', 'ಒದ್ದೆ' ಎಂದು ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವಳು ನಾನು. ಬೋರ್ಡಿನ ನಕ್ಷೆ ಬರೆಯುವ ಸಾಫ್ಟ್‌ವೇರಿಗೆ ಒತ್ತಕ್ಷರ ದಕ್ಕಲಿಲ್ಲ. 'ಒದ್ದೆ' ಹೋಗಿ 'ಒದದೆ' ಎಂದು ಅಚ್ಚಾಯಿತು. ಹಾಗೇ ಬಿಟ್ಟೆವು. ನಕ್ಷೆಯನ್ನು ಇಂಟರ್ನೆಟ್ಟಿಗೆ ಹಾಕಿ, 'ಯಾರು ಬೇಕಾದರೂ ಮಾಡಿಕೊಳ್ಳಿ, ಮಾರಿಕೊಳ್ಳಿ. ನಮ್ಮ ಹೆಸರಿರಲಿ, ಸುಧಾರಿಸಿದರೆ ನಮಗೂ ತಿಳಿಸಿ' ಎಂದು ಬರೆದೆವು.

ಮರುವರ್ಷ ಬೆಸುಗೆ ತಂತಿ ಕೊಳ್ಳಲು ದುರ್ಗದಬೈಲು ಮಾರುಕಟ್ಟೆಯ ಹತ್ತಿರದ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿದ್ದೆ.

"ಹೊಸಾ ಮಾಲ್ ಬಂದೈತಿ ನೋಡ್ರಿ ಮೇಡಂ. ರೈತರು ಭಾಳ ಕೇಳಾಕತ್ತಾರ," ಎಂದು ಅಂಗಡಿಯವರು ಒಂದು ಬೋರ್ಡು ಮುಂದಿಟ್ಟರು.

ಹಸಿರು ದೀಪದ ಪಕ್ಕ 'ಒದದೆ' ಎಂದಿತ್ತು. ನಮ್ಮ ಹೆಸರು ಮಾತ್ರ ಎಲ್ಲೂ ಇರಲಿಲ್ಲ.

"ಇದನ್ನ ಮಾಡಿದವರು ಯಾರ್ರಿ?"

"ಯಾರಿಗ್ಗೊತ್ರಿ, ಏಜೆಂಟ್ ತಂದು ಕೊಡ್ತಾನ. ಯಾಕ್ರಿ?"

ಇದು ನಮ್ಮದು ಎನ್ನಲು ಬಾಯಿ ತೆರೆದೆ. ನಮ್ಮದು ಹೇಗೆ? ಕೊಟ್ಟುಬಿಟ್ಟಿದ್ದೆವಲ್ಲ. ಸಿಟ್ಟೂ ಬಂತು, ಹಿಗ್ಗೂ ಆಯಿತು. ಒಂದನ್ನು ಕೊಂಡು, ಹೊರಗೆ ನಿಂತು ಗೆಳತಿಗೆ ಫೋನ್ ಮಾಡಿದೆ. ಆಕೆ ನಕ್ಕಳು.

"ಯಾರ ಬೇಕಾದ್ರೂ ಮಾಡ್ಕೋರಿ ಅಂತ ನಾವ ಬರದೇವಿ. ಅವ್ರು ಮಾಡ್ಯಾರ. ಅದಕ್ಕ ನೀ ಅಳಾಕತ್ತೀಯೇನ?"

"ಇಲ್ಲ. ಏನ್ ಮಾಡಾಕತ್ತೇನಿ ಅಂತ ನನಗ ತಿಳೀವಲ್ದು."

ಆ ಭಾನುವಾರ ಮುಗದಕ್ಕೆ ಹೋಗಿ ಅದನ್ನು ನಮ್ಮ ಬೋರ್ಡಿನ ಪಕ್ಕದಲ್ಲೇ ಊರಿದೆ. ನಮ್ಮದರ ಕಡ್ಡಿಗಳು ತಿಂಗಳೊಪ್ಪತ್ತಿನಲ್ಲಿ ತುಕ್ಕು ಹಿಡಿಯುತ್ತಿದ್ದವು. ಎರಡು ತಿಂಗಳ ನಂತರವೂ ಅಂಗಡಿಯದರ ಕಡ್ಡಿ ಥಳಥಳ ಹೊಳೆಯುತ್ತಿತ್ತು.

"ಸಿಟ್ಟಾಗಬ್ಯಾಡ ತಂಗಿ," ಎಂದಳು ಅಕ್ಕ, "ನಿಮ್ದಕ್ಕಿಂತ ಇದ ಛಲೋ ಐತಿ."

ಗೆಳತಿ ಅದನ್ನು ಪರೀಕ್ಷಿಸಿ ನೋಡಿದಳು. ನಮ್ಮ ಕಡ್ಡಿಗಳಲ್ಲಿ ಕರೆಂಟು ಸದಾ ಹರಿಯುತ್ತಿತ್ತು, ತುಕ್ಕಿಗೆ ಅದೇ ಕಾರಣ. ಇದರಲ್ಲಿ ಗಂಟೆಗೊಮ್ಮೆ, ಕ್ಷಣಮಾತ್ರ. ನಮಗೆ ಹೊಳೆಯದೇ ಹೋದ ಉಪಾಯ. ಅದನ್ನು ನಮ್ಮ ನಕ್ಷೆಗೂ ಸೇರಿಸಿದೆವು. ಇಂಟರ್ನೆಟ್ಟಿಗೆ ಹಾಕುವ ಮುನ್ನ ಗೆಳತಿಯ ಕೈ ನಿಂತಿತು.

"ಈ ಉಪಾಯ ಯಾರದಂತ ಬರೀಲಿ?"

ನಮ್ಮ ಹೆಸರು ಬಿಟ್ಟರೆಂದು ಸಿಟ್ಟಾಗಿದ್ದ ನಾನು ಅವರ ಹೆಸರು ಬಿಡುವುದು ಹೇಗೆ? ಅಂಗಡಿಗೆ ಫೋನ್ ಮಾಡಿದೆ. ಆ ಏಜೆಂಟ್ ಈಗ ಬರುವುದೇ ಇಲ್ಲವಂತೆ.

"ಗೊತ್ತಿಲ್ಲದವರು ಅಂತ ಬರಿ," ಎಂದೆ.

"ಅದನ್ನ ಬರದು ಮುಂದ? ಅವರಿಗೆ ಧನ್ಯವಾದ ಹೇಳೂದೋ, ಬೈಯೂದೋ?"

ಆಕೆ ಧನ್ಯವಾದ ಎಂದು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಇಂಟರ್ನೆಟ್ಟಿಗೆ ಹಾಕುವ ಗುಂಡಿಯನ್ನು ನಾನೇ ಒತ್ತಿದೆ.